ಹೆಬ್ಬೆಟ್ಟಿನ ತಿಂಗಳು

ನವೆಂಬರ್ ಬಂತೆಂದರೆ ಮುತ್ಯಾನಿಗೆ ಕ್ಷೌರ,
ಇಸ್ತ್ರಿ ಹಾಕಿದ ಬಿಳಿ ಅಂಗಿ,
ಬೂಟಿಗೆ ಎರಡು ಸಲ ಪಾಲಿಶ್.
ಮುದಗಲ್ಲಿನ ಬ್ಯಾಂಕಿಗೆ ಹೋಗಿ ಬದುಕಿದ್ದೇನೆಂದು
ಹೇಳಿ ಬರಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ.
ಸ್ಕೂಟಿಯ ಹಿಂದೆ ಕೂತರೆ ನನ್ನ ಭುಜ ಹಿಡಿಯುತ್ತಿರಲಿಲ್ಲ,
ಸೀಟಿನ ಕಬ್ಬಿಣ ಹಿಡಿದು ಅನ್ನುತ್ತಿದ್ದ:
"ನಡಿಯವ್ವ, ಹಾಜರಿ ಹಾಕಿ ಬರೂಣು."

ಯಂತ್ರ ಅವನನ್ನು ಒಪ್ಪುತ್ತಿರಲಿಲ್ಲ.
ಬೆರಳಿಟ್ಟರೆ ಕೆಂಪು. ಒರೆಸಿ ಇಟ್ಟರೆ ಕೆಂಪು.
ನೆತ್ತಿಯ ಎಣ್ಣೆಗೆ ಹೆಬ್ಬೆಟ್ಟು ತಿಕ್ಕಿ, ಉಸಿರೂದಿ
ಮತ್ತೆ ಇಟ್ಟರೆ ಆಗಲೂ ಕೆಂಪೇ.
"ಗೆರಿ ಸವದಾವ್ರಿ ಅಜ್ಜಾರ" ಎನ್ನುತ್ತಿದ್ದ ಕ್ಲಾರ್ಕ್ ಹುಡುಗ.
ಅದೇ ಬ್ಯಾಂಕಿನ ಬಾಗಿಲಿಗೆ ಹತ್ತೊಂಬತ್ತು ವರ್ಷ
ಜೋಡುನಳಿಗೆ ಬಂದೂಕು ಹಿಡಿದು ನಿಂತವನು ಮುತ್ಯಾ.
ಒಂದು ಗುಂಡೂ ಹಾರಿಸಲಿಲ್ಲ. ಹಾರಿಸಿದ್ದರೆ
ಗುರುತು ಇಟ್ಟುಕೊಳ್ಳುತ್ತಿದ್ದರೇನೋ.
"ನಾ ಇಲ್ಲೇ ನಿಂತೀನಲ್ಲೋ ತಮ್ಮಾ,
ಇದಕ್ಕಿಂತ ಜಾಸ್ತಿ ಹೆಂಗ ಬದುಕ್ಲಿ?"

ಹೆಸರು ಗದ್ದೆಪ್ಪ.
"ಹುಟ್ಟಿದಾಗಿಂದ ನಾಯಕ ನಾ. ಮಿಲಿಟ್ರಿಯವ್ರಿಗೆ
ಅದು ತಿಳಿಯಾಕ ಒಂಬತ್ತು ವರ್ಷ ಬೇಕಾತು"
ಎಂದು ಹಳೆಯ ಅಂಗಿಯ ತೋಳಿನ ಎರಡು ಪಟ್ಟಿ ತೋರಿಸಿ ನಗುತ್ತಿದ್ದ.
ಈ ಜೋಕನ್ನು ನಾವು ತಿಂಗಳಿಗೊಮ್ಮೆ
ಹೊಸದಾಗಿ ಕೇಳಬೇಕಿತ್ತು.

ಅವನದು ಸೇತುವೆ ಕಟ್ಟುವ ಪಡೆ.
ಕೋಟೆಯ ಕಂದಕದ ದಂಡೆಗೆ ನಿಂತವರು
ನೀರು ನೋಡುತ್ತಾರೆ, ಪಾಚಿ ನೋಡುತ್ತಾರೆ. ಮುತ್ಯಾ
ಕಣ್ಣು ಕಿರಿದು ಮಾಡಿ ಆಚೆ ದಂಡೆ ಅಳೆಯುತ್ತಿದ್ದ:
"ನಾಕು ತಾಸು. ಮಳಿ ಬಂದ್ರ ಐದು."

ಯುದ್ಧದ ಬಗ್ಗೆ ಕೇಳಿದರೆ ಸಿಕ್ಕಿದ್ದು ಇಷ್ಟೇ.
ಡಿಸೆಂಬರಿನ ಚಳಿ, ಒಂದು ಹೊಳೆ, ಬೆಳಗಾಗುವುದರೊಳಗೆ
ಸೇತುವೆ ಬೇಕಿತ್ತು, ಆಯಿತು. ಟ್ಯಾಂಕುಗಳು ದಾಟಿದವು.
ಆಮೇಲೆ ಅದನ್ನೇ ಬಿಚ್ಚಿ ಲಾರಿಗೆ ತುಂಬಿದರು.
"ನಾವು ಕಟ್ಟಿದ್ದು ಒಂದರ ಉಳದೈತೇನ? ಇಲ್ಲ.
ದಾಟಿದವ್ರು ಉಳದಾರ. ಸಾಕಲ್ಲ."
ಸೇಲಂ ಕಡೆಯ ಪಳನಿಯ ಹೆಸರು ಮಾತಿನಲ್ಲಿ ಬಂದರೆ
ಎದ್ದು ಹೋಗಿ ಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದ,
ಯಾರ ನೀರೂ ಬೇಡದಷ್ಟು ಬೆಳೆದ ಗಿಡಕ್ಕೆ.

ರಾತ್ರಿ ನಿದ್ದೆಯಲ್ಲಿ ಹಲಗೆ ಎಣಿಸುತ್ತಿದ್ದ, ತಮಿಳಿನಲ್ಲಿ.
ಒಣ್ಣು, ರೆಂಡು, ಮೂಣು...
ಆಯಿಗೆ ಓದು ಬರದು. ಐವತ್ತು ವರ್ಷ ಪಕ್ಕದಲ್ಲಿ ಮಲಗಿ
ಪರಭಾಷೆಯ ಹನ್ನೊಂದು ಅಂಕಿ ಕಲಿತಳು.
ಹನ್ನೆರಡನೆಯದನ್ನು ಅವನು ಯಾವತ್ತೂ ಹೇಳಲಿಲ್ಲ.
ಪದಿನೊಣ್ಣಿಗೆ ಬಂದು ನಿಲ್ಲುತ್ತಿದ್ದ. ಆಯಿ ಎದ್ದು
ನೀರಿನ ತಂಬಿಗೆ ಕೊಡುತ್ತಿದ್ದಳು. ಕೇಳುತ್ತಿರಲಿಲ್ಲ.

ಮಳೆ ಬಿದ್ದ ಎರೆಹೊಲದಲ್ಲಿ ಮುಂದೆ ಅವನು,
ಹಿಂದೆ ನಾವು ಮೂವರು ಮೊಮ್ಮಕ್ಕಳು.
"ನನ್ನ ಹೆಜ್ಜ್ಯಾಗ ಹೆಜ್ಜಿ ಇಡ್ರಿ, ಅತ್ತಾಗ ಇತ್ತಾಗ ಬ್ಯಾಡ."
ಆಟ ಎಂದುಕೊಂಡಿದ್ದೆವು.
ಅವನ ದಿವಸದ ಊಟಕ್ಕೆ ಕುಷ್ಟಗಿಯಿಂದ ಬಂದ
ಹಳೆಯ ಹವಾಲ್ದಾರನೊಬ್ಬ ಹೋಳಿಗೆ ಮುರಿಯುತ್ತಾ ಹೇಳಿದ,
ನೆಲಬಾಂಬು ಹುಡುಕುವವರು ಹಾಗೆ ನಡೆಯುತ್ತಾರೆಂದು.
ನನ್ನ ಕೈಯ ತುತ್ತು ತಟ್ಟೆಗೆ ಮರಳಿತು.

ಈ ನವೆಂಬರಿನಲ್ಲೂ ನನ್ನ ಮೊಬೈಲಿಗೆ ಸಂದೇಶ:
ಮಾನ್ಯ ಪಿಂಚಣಿದಾರರೇ, ತಾವು ಬದುಕಿರುವ ಬಗ್ಗೆ...
ಪೂರ್ತಿ ಓದಲಿಲ್ಲ.

ಪಿಂಚಣಿ ಈಗ ಆಯಿಯ ಹೆಸರಿಗೆ,
ಬದುಕಿದ್ದೇನೆನ್ನುವ ಪಾಳಿ ಅವಳದು.
ಸ್ಕೂಟಿಯ ಹಿಂದೆ ಕೂತು ನನ್ನ ಸೊಂಟ ಗಟ್ಟಿಯಾಗಿ ಹಿಡಿದಳು.
ಬ್ಯಾಂಕಿನಲ್ಲಿ, ಯಾರೂ ಹೇಳದೆಯೇ,
ನೆತ್ತಿಗೆ ಹೆಬ್ಬೆಟ್ಟು ತಿಕ್ಕಿ ಇಟ್ಟಳು. ಯಂತ್ರ ಯೋಚಿಸುತ್ತಿತ್ತು.
ಆಯಿ ತುಟಿಯೊಳಗೇ ಶುರು ಮಾಡಿದಳು:
ಒಣ್ಣು, ರೆಂಡು, ಮೂಣು, ನಾಲು
ಹಸಿರು.

ಹೊರಗೆ ಬಂದು ಸೆರಗು ಸರಿಮಾಡಿಕೊಂಡು,
ಅವನು ನಿಲ್ಲುತ್ತಿದ್ದ ಕಂಬದ ಕಡೆ ನೋಡದೆ ಅಂದಳು:
"ನಾಕಕ್ಕ ಮುಗೀತಲ್ಲ.
ನಿನ್ನ ಮುತ್ಯಾ ಸುಮ್ಮನ
ಇಡೀ ದಿನ ತಗೋತಿದ್ದ ನೋಡು."